ಚಿಪ್ಪು ಒಡೆದ ಲಸಿಕೆ

ತೊಂಬತ್ತರ ದಶಕದಲ್ಲಿ ಜಿಗಣಿಯ ಸಣ್ಣದೊಂದು ಫ್ಯಾಕ್ಟರಿಯಲ್ಲಿ ನಾನು ಲ್ಯಾಬ್ ಕೆಲಸಕ್ಕಿದ್ದೆ. ದನಗಳ ಕಾಲುಬಾಯಿ ರೋಗಕ್ಕೆ ಲಸಿಕೆ ಮಾಡುತ್ತಿದ್ದೆವು. ನಾನು ಬಾಡಿಗೆಗಿದ್ದ ಮನೆಯ ಅಕ್ಕ, ಅದೇ ಊರಿನ ಹಳೇ ಒಕ್ಕಲು ಮನೆತನದವರು, ತಮ್ಮ ಗಬ್ಬದ ಹಸುವಿಗೆ ಹಾಕಿಸಬೇಕೆಂದು ನಮ್ಮ ಲಸಿಕೆಗೇ ಕಾಯುತ್ತಿದ್ದರು. ಆ ವರ್ಷದ ಆಯುಧಪೂಜೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಪೂಜೆ ದಿನ ಯಾವ ಮೆಷಿನ್ನೂ ಓಡಬಾರದು ಅನ್ನೋದು ನಮ್ಮ ಕಡೆ ಫ್ಯಾಕ್ಟರಿಗಳ ಪದ್ಧತಿ. ಲೇತು, ಡ್ರಿಲ್ಲು ಆರಿಸಿದರೆ ಯಾರಿಗೇನು ನಷ್ಟ? ನಮ್ಮ ಪುಣ್ಯಾತ್ಮರು ಕೋಲ್ಡ್ ರೂಮನ್ನೂ ಆರಿಸಿ, ಬಾಗಿಲಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡಲೆಪುರಿ ಕಟ್ಟಿಕೊಂಡು ಮನೆಗೆ ಹೋದರು. ಮತ್ತೆ ಸ್ವಿಚ್ ಹಾಕಿದ್ದು ವಿಜಯದಶಮಿ ಮುಗಿಸಿ ಬಂದ ಮೇಲೆ. ಒಳಗೆ ಲಸಿಕೆಗೆಂದು ಕೊಂದಿಟ್ಟ ವೈರಸ್ಸಿತ್ತು.

ಆ ವೈರಸ್ಸಿಗೆ ಪ್ರೊಟೀನಿನದೇ ಒಂದು ಚಿಪ್ಪು. ಹಸುವಿನ ಮೈ ಆ ಇಡೀ ಚಿಪ್ಪಿನ ಗುರುತು ಹಿಡಿದಿಟ್ಟುಕೊಂಡರೆ ಮಾತ್ರ ನಿಜವಾದ ರೋಗ ಬಂದಾಗ ತಡೆಯಬಲ್ಲದು. ಸೆಕೆ ತಾಗಿತೋ, ಚಿಪ್ಪಿನ ಜೋಡಣೆ ಬಿಟ್ಟು ಚೂರಾಗುತ್ತದೆ. ಚೂರು ಚುಚ್ಚಿ ಏನು ಬಂತು, ಮಣ್ಣು! ಪರೀಕ್ಷೆ ಮಾಡಿ ನೋಡಿದೆ. ಇಡೀ ಚಿಪ್ಪು ಉಳಿದದ್ದು ತೀರಾ ಕಡಿಮೆ.

“ಪ್ರೊಟೀನ್ ಮೊದಲಿನಷ್ಟೇ ಇದೆಯಲ್ಲಮ್ಮ,” ಅಂದರು ಮ್ಯಾನೇಜರು.

“ಒಡೆದ ಮಡಕೆ ತೂಕಾನೂ ಅಷ್ಟೇ ಇರುತ್ತೆ ಸಾರ್. ನೀರು ನಿಲ್ಲುತ್ತಾ?”

ಮುಖ ಸಿಂಡರಿಸಿಕೊಂಡು, “ಆಯ್ತು ಬಿಡಿ, ಚೆಲ್ಲಿಸ್ತೀನಿ,” ಅಂದರು. ನಂಬಿ ದೀಪಾವಳಿಗೆ ದಾವಣಗೆರೆಯ ನಮ್ಮ ಮನೆಗೆ ಹೋದೆ. ಚೆಲ್ಲಿಸಿದರಂತೆ, ಅವರ ತಲೆ! ನಾನಿಲ್ಲದಾಗ ಸೀಸೆಗೆ ತುಂಬಿಸಿ, ಜಿಗಣಿಯ ದನಗಳಿಗೇ ಕಳಿಸಿದ್ದರು.

ಅದು ನನಗೆ ಗೊತ್ತಾಗಿದ್ದು ಚಳಿಗಾಲದಲ್ಲಿ ರೋಗ ಬಂದ ಮೇಲೆ. ಆಗಷ್ಟೇ ಕರು ಹಾಕಿದ್ದ ಅಕ್ಕನ ಹಸುವಿನ ಬಾಯೆಲ್ಲ ಹುಣ್ಣು, ಒಂದೇ ಸಮನೆ ಜೊಲ್ಲು. ಕಾಲೂರಲಾರದೆ ನರಳುತ್ತಿತ್ತು. ಕರು ನಿಂತಲ್ಲೇ ಬಿದ್ದು ಸತ್ತಿತು.

“ನಿಮ್ ಕಂಪ್ನೀದು ಅಂತ್ಲೇ ಆಕ್ಸಿದ್ದು ಕಣವ್ವಾ,” ಅಂದರು ಅಕ್ಕ.

ನಮ್ಮ ಕೋಲ್ಡ್ ರೂಮಿನಲ್ಲಿ ಪುಡಿಯಾದಂಥದೇ ಚಿಪ್ಪು, ರೋಗ ತಂದ ಜೀವಂತ ವೈರಸ್ಸಿನದು, ಅವರ ಕೊಟ್ಟಿಗೆಯ ಒದ್ದೆ ಹುಲ್ಲಿನಲ್ಲಿ, ಆ ತಣ್ಣಗಿನ ಹವೆಗೆ ಗಟ್ಟಿಯಾಗಿ ಕೂತಿತ್ತು. ಎಂಥಾ ಅನ್ಯಾಯ ನೋಡಿ. ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮ್ಯಾನೇಜರು ಮಾತ್ರ, “ರೋಗ ಎಲ್ಲಾ ಕಡೆ ಬಂದಿದೆ ಕಣ್ರೀ, ನಮ್ಮದೊಂದನ್ನೇ ಯಾಕೆ ಹಿಡ್ಕೋತೀರಾ,” ಅಂದು ಕಾಫಿ ಕುಡಿದರು.

ಮುಂದಿನ ಸಲ ಒಳ್ಳೇ ಲಸಿಕೆ ತಯಾರಾಯಿತು. ನಾನೇ ಪರೀಕ್ಷೆ ಮಾಡಿದ್ದೆ, ಚಿಪ್ಪುಗಳೆಲ್ಲ ಇಡಿಯಾಗಿದ್ದವು. ಐಸ್ ಡಬ್ಬಿಯಲ್ಲಿಟ್ಟು, ದನದ ಡಾಕ್ಟರನ್ನೂ ಕರೆದುಕೊಂಡು ಅಕ್ಕನ ಹತ್ತಿರ ಹೋದೆ. ಅವರು ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು. ಸೀಸೆ ಇಸ್ಕೊಂಡು ಬಿಸಿಲಿಗೆ ಹಿಡಿದು ನೋಡಿದರು.

“ಒಳ್ಳೇದ್ಯಾವ್ದು, ಕೆಟ್ಟಿದ್ಯಾವ್ದು, ನೋಡಿದ್ರೆ ಗೊತ್ತಾಯ್ತದಾ ಮಗಾ?”

“ಇಲ್ಲ ಅಕ್ಕ,” ಅಂದೆ.

ಸೀಸೆಯನ್ನು ನನ್ನ ಕೈಗೇ ಕೊಟ್ಟು, ಬಾಗಿಲು ಹಾಕಿಕೊಂಡರು.