ಅಟ್ಟದ ಕಾಯಿ, ಅಕ್ಕನ ಮುಖ

ಆಗ ನನಗೆ ಎಪ್ಪತ್ತೆರಡು. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಸತ್ತು ವರ್ಷವಾಗಿದ್ದ ನಮ್ಮಕ್ಕ ಒಂದು ಮಧ್ಯಾಹ್ನ ನಮ್ಮ ಮನೆ ಟಿವಿಯಲ್ಲಿ ಮಾತಾಡಿದಳು.

ಹೆದರಬೇಡಿ, ದೆವ್ವದ ಕಥೆಯಲ್ಲ. ಯಾರೋ ಕ್ಯಾಮೆರಾ ಹಿಡಿದು ಅಕ್ಕನ ಗಂಡನ ಊರು ಅರಳಗುಪ್ಪೆಗೆ ಹೋಗಿ, ಹೆಂಗಸರು ಸಾಲಾಗಿ ಕೂತು ಕೊಬ್ಬರಿ ಸುಲಿಯುವುದನ್ನು ವಿಡಿಯೋ ಮಾಡಿ ನೆಟ್‌ಗೆ ಹಾಕಿದ್ದರು. ಅಕ್ಕ ಬದುಕಿದ್ದಾಗ ತೆಗೆದದ್ದು. ಅದು ಹೇಗೋ ನನ್ನ ಸೊಸೆ ಶಶಿಯ ಕಣ್ಣಿಗೆ ಬಿತ್ತು. "ಅತ್ತೆ, ದೊಡ್ಡತ್ತೆ ಟಿವೀಲಿ ಬಂದವ್ರೆ, ಬನ್ನಿ" ಎಂದು ಕೂಗಿದಳು. ಮುದ್ದೆ ಕಟ್ಟುತ್ತಿದ್ದ ಕೈಯಲ್ಲೇ ಓಡಿದೆ.

ಬಂದಿದ್ದಳು, ನಿಜ. ಆದರೆ ಮುಖ ಇರಲಿಲ್ಲ. ಮುಖ ಇರಬೇಕಾದ ಕಡೆ ನಾಲ್ಕೈದು ಕಂದು ಚೌಕ ಅಲ್ಲಾಡುತ್ತಿದ್ದವು. ಮಾತು ಮಾತ್ರ ಪಕ್ಕದಲ್ಲಿ ಕೂತು ಆಡಿದಷ್ಟು ಸ್ಪಷ್ಟ. ಕಾಯಿ ಒಣಗಿದ್ದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರೋ ಕೇಳಿದರು. ಅಕ್ಕ ಹೇಳಿದಳು:

"ನನ್ನೇನ್ ಕೇಳ್ತೀರಪ್ಪ, ನನ್ ತಂಗೀನ ಕೇಳಿ. ಕಾಯಿ ಅಲ್ಲಾಡ್ಸುದ್ರೆ ಸಾಕು, ಒಳಗಿಂದೆಲ್ಲಾ ಹೇಳ್ಬುಡ್ತಾಳೆ ಅವ್ಳು."

ಆ ತಂಗಿ ನಾನು. ಈ ಮಾತಿಗೆ ನಾನೇಕೆ ನಿದ್ದೆ ಕೆಡಿಸಿಕೊಂಡೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ಕಾಯನ್ನು ಒಂದು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಆಯಿತೋ ಇಲ್ಲವೋ ನೋಡಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಉಂಡೆ ಲೊಡಲೊಡ ಎಂದರೆ ಆಯಿತು. ನೀರು ಕುಲುಕಿದರೆ ಇಲ್ಲ. ಅಕ್ಕನ ಅಂಗಳದಲ್ಲಿ ಒಮ್ಮೆ ಅವಳು ಆಯಿತು ಎಂದಳು, ನಾನು ಇಲ್ಲ ಎಂದೆ. ಒಡೆದರು. ಒಳಗೆ ಹಸಿ. "ಕಿವಿಗೆ ಏನ್ ತುಂಬ್ಕೊಂಡಿದ್ದೀಯ?" ಎಂದೆ, ಅವಳ ಗಂಡನ ಮನೆಯವರೆಲ್ಲರ ಎದುರಿಗೆ. ಎಲ್ಲರೂ ನಕ್ಕರು. ಅಕ್ಕ ಎದ್ದು ಒಳಗೆ ಹೋದಳು.

ಹನ್ನೊಂದು ವರ್ಷ ಮಾತಿಲ್ಲ. ಹಾಗೇ ಸತ್ತಳು.

ಈಗ ನೀವೇ ಹೇಳಿ. ಟಿವಿಯಲ್ಲಿ ಆಡಿದ್ದು ಹೊಗಳಿಕೆಯೋ, ಹಳೆಯದನ್ನು ನೆನೆದು ಹಾಕಿದ ಕುಟುಕೋ? ಅಕ್ಕನ ದನಿ ಕೇಳಿದರೆ ಗೊತ್ತಾಗುವುದಿಲ್ಲ. ಮುದ್ದು ಮಾಡುವುದೂ ಬೈಯುವುದೂ ಅವಳಿಗೆ ಒಂದೇ ರಾಗ. ಮುಖ ನೋಡಬೇಕು. ಪ್ರೀತಿಯಿದ್ದರೆ ನಗು ಮುಚ್ಚಲು ಕೆಳತುಟಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಕೋಪವಿದ್ದರೆ ತುಟಿ ಅಲ್ಲಾಡುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಒಂದು ತುಟಿ. ಟಿವಿ ಕೊಟ್ಟದ್ದು ಚೌಕ.

ಶಶಿ ರಿಮೋಟ್ ಒತ್ತಿ ಕ್ವಾಲಿಟಿ ಎಂಬುದನ್ನು ತೆಗೆದಳು. 144 ಇದ್ದದ್ದನ್ನು 1080 ಮಾಡಿದಳು. (ಮೂರನೇ ಕ್ಲಾಸು ನನ್ನದು. ಅಂಕಿ ಓದಲು ಬರುತ್ತದೆ.) ಆಗ ಚೌಕ ಹೋಯಿತು, ಅಕ್ಕನೂ ಹೋದಳು. ಟಿವಿ ನಡುವೆ ಬರೀ ಬಳೆಯಂಥದೊಂದು ಗಿರಗಿರ ತಿರುಗುತ್ತಾ ನಿಂತಿತು. ಶಶಿಯ ಮೊಬೈಲಿನಲ್ಲಿ ನೋಡಿದರೆ ಮುಖ ಹುಣಸೇಬೀಜದಷ್ಟು. ನನ್ನ ಕಣ್ಣಿಗೆ ಅದು ಮುಖವೂ ಒಂದೇ, ಬೀಜವೂ ಒಂದೇ. ಬೇರೆಯವರ ಮನೆ ಟಿವಿಯಲ್ಲಿ ನೋಡಬಹುದಿತ್ತಲ್ಲ ಎನ್ನುತ್ತೀರಿ. ನೋಡಬಹುದಿತ್ತು. ಅಕ್ಕ ನನ್ನನ್ನು ಆಡಿಕೊಂಡಿದ್ದರೆ? ಅದನ್ನು ಊರೆಲ್ಲ ಸೇರಿ ನೋಡಬೇಕೇ?

ಕೊನೆಗೆ ನೆಟ್ ಹಾಕಿಕೊಟ್ಟಿದ್ದ ಮಂಜಣ್ಣನನ್ನು ಕರೆಸಿದೆವು. ವೈಫೈ ಬಾಕ್ಸ್ ಎಲ್ಲಿದೆ ಎಂದು ಕೇಳಿದ. ಅಟ್ಟದ ಮೂಲೆಯಲ್ಲಿ ಎಂದೆ. ಏಣಿ ಹತ್ತಿ ಇಣುಕಿದವನು ಅಲ್ಲಿಂದಲೇ ಕೂಗಿದ.

"ಅಮ್ಮಾ, ಬಾಕ್ಸ್‌ನ ಕಾಯಿ ರಾಶಿ ಒಳಗೆ ಹೂತಾಕಿದೀರಲ್ರೀ. ಒಂದೊಂದ್ರಲ್ಲೂ ನೀರೈತೆ. ನೀರು ಸಿಗ್ನಲ್ ಕುಡೀತದೆ. ಇದೂ ಒಂದೇ, ಕೆರೆ ಆಚೆ ನಿಂತು ಕರೆಯೋದೂ ಒಂದೇ."

ಹಾಗೆ ಇಡಿಸಿದವಳು ನಾನೇ. ಹಿಂದೆ ಟಿವಿಗೆ ಆಂಟೆನಾ ಇದ್ದಾಗ ಎತ್ತರಕ್ಕೆ ಏರಿಸಿದಷ್ಟೂ ಚಿತ್ರ ಚೆನ್ನಾಗಿ ಬರುತ್ತಿತ್ತು. ಇದೂ ಅದರ ಮೊಮ್ಮಗನೇ ಇರಬೇಕು ಎಂದುಕೊಂಡು, ಕಾಯಿ ಏರಿಸುವ ಮುಂಚೆ ಮೇಲೆ ಹಾಕಿಸಿದ್ದೆ.

ಇಳಿಸಿಬಿಡಪ್ಪ ಎಂದೆ. ಮೂಲೆ ಮುಟ್ಟಬೇಕಾದರೆ ಕಾಯಿ ಸರಿಸಿಯೇ ಹೋಗಬೇಕು. ಮಗ ಒಪ್ಪಲಿಲ್ಲ. ಅರ್ಧ ಒಣಗಿದ ಕಾಯಿಯನ್ನು ಅಲುಗಿಸಿದರೆ ಒಳಗೇ ಕೊಳೆಯುತ್ತದೆ ಎಂದು ಅವನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟವಳು ಯಾರು? ಮತ್ತೆ ನಾನೇ. "ಅವ್ವಾ, ದೊಡ್ಡವ್ವನ ಮುಖ ಎಲ್ಗೂ ಓಡೋಗಲ್ಲ ಕಣವ್ವ. ಮೂರು ತಿಂಗ್ಳು ತಡ್ಕೊ" ಎಂದ.

ತಡೆದುಕೊಂಡೆ. ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಆ ವಿಡಿಯೋ ಹಾಕಿಸುತ್ತಿದ್ದೆ. ಮೇಲೆ ಕಾಯಿ ಒಣಗುತ್ತಾ ಬಂದ ಹಾಗೆ ಕೆಳಗೆ ಚೌಕಗಳು ಸಣ್ಣವಾದವು. ಮೊದಲು ಸೀರೆಯ ಹಸಿರು ಬಂತು. ಆಮೇಲೆ ಕೈಯಲ್ಲಿದ್ದ ಮಚ್ಚು. ಇನ್ನೊಂದು ವಾರಕ್ಕೆ ಹಣೆ. ತುಟಿ ಮಾತ್ರ ಬರಲೊಲ್ಲದು. ಶಶಿಗೆ ಬೇಜಾರಾಗಿ ನನಗೇ ರಿಮೋಟ್ ಒತ್ತಲು ಹೇಳಿಕೊಟ್ಟಳು.

ಆ ಮೂರು ತಿಂಗಳು ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಮದುವೆ, ಎಷ್ಟು ತಿಥಿ. ಪಂಕ್ತಿಯಲ್ಲಿ ಎದುರಿಗೇ ಕೂತು ಉಂಡಿದ್ದೇವೆ. ಆಗ ಮುಖ ನೋಡಲು ಯಾವ ಬಾಕ್ಸೂ ಬೇಕಿರಲಿಲ್ಲ, ಕತ್ತು ಎತ್ತಿದ್ದರೆ ಸಾಕಿತ್ತು. ನಾನು ಎಲೆಯಲ್ಲಿ ಉಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಕಾಯಿ ಇಳಿಸಿದರು. ಮಂಜಣ್ಣ ಬಂದು ಬಾಕ್ಸನ್ನು ಟಿವಿ ಪಕ್ಕದ ಗೂಡಿನಲ್ಲಿ ಇಟ್ಟುಹೋದ. ಅಂದು ಮಧ್ಯಾಹ್ನ 1080 ಒತ್ತಿದೆ. ಬಳೆ ತಿರುಗಲಿಲ್ಲ. ಅಕ್ಕ ಬಂದಳು, ಮುಖದ ಸಮೇತ. ಕೆನ್ನೆ ಒಳಕ್ಕೆ ಹೋಗಿತ್ತು. ಮುಂದಿನ ಹಲ್ಲು ಒಂದು ಇರಲಿಲ್ಲ. ಯಾವಾಗ ಬಿತ್ತೋ ನನಗೆ ಗೊತ್ತಿಲ್ಲ.

"ನನ್ ತಂಗೀನ ಕೇಳಿ" ಎಂದಾಗ ಕೆಳತುಟಿ ಒಳಕ್ಕೆ ಹೋಯಿತು.

ಇಷ್ಟೇ ಆಗಿದ್ದರೆ ಸಮಾಧಾನವಾಗಿ ಎದ್ದುಬಿಡುತ್ತಿದ್ದೆ. ಆದರೆ ಆ ಮಾತು ಆಡುತ್ತಾ ಅವಳು ತನ್ನ ಎಡಗಡೆಗೆ ತಿರುಗಿದಳು. ಮದುವೆಗೆ ಮುಂಚೆ ಅಪ್ಪನ ಮನೆಯಲ್ಲಿ ಕೊಬ್ಬರಿ ಸುಲಿಯುವಾಗ ನಾನು ಕೂರುತ್ತಿದ್ದದ್ದು ಅವಳ ಎಡಗಡೆ. ಅಲ್ಲಿ ಈಗ ಬರೀ ಚಿಪ್ಪಿನ ರಾಶಿ. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಮುಂದಿನ ಕಾಯಿ ಎತ್ತಿಕೊಂಡಳು.

ನಾನು ಅಳುವವಳಲ್ಲ. ಟಿವಿ ಆಫ್ ಮಾಡಿ ಹಸುವಿಗೆ ಹುಲ್ಲು ಹಾಕಿದೆ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಅರಳಗುಪ್ಪೆಗೆ ಹೋಗಿ, ಅಕ್ಕನ ಸೊಸೆಯನ್ನು ಒಂದು ಮಚ್ಚು ಕೇಳಿ ಇಸಕೊಂಡು, ವಿಡಿಯೋದಲ್ಲಿ ಅಕ್ಕ ಕೂತಿದ್ದ ಜಾಗದ ಎಡಗಡೆಯ ಚಿಪ್ಪು ಸರಿಸಿ ಕೂತೆ.