ಅಡಾಪ್ಟರಿಗೆ ಹಚ್ಚಿದ ಕುಂಕುಮ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹಿರೇಕೆರೂರಿನಲ್ಲಿ ಲಾರಿ, ಟ್ರ್ಯಾಕ್ಟರ್ ತೂಗುವ ನಮ್ಮ ವೇಬ್ರಿಜ್ಜಿನ ಮಾನಿಟರ್ ಕಪ್ಪಾಯಿತು. ಹಳೆಯ ಕಂಪ್ಯೂಟರ್ ಸುಟ್ಟುಹೋದ ಮೇಲೆ ಅಂಗೈಯಗಲದ ಹೊಸದೊಂದನ್ನು ತಂದು, ಕೇಬಲ್ ಹೊಂದಿಸುವ ಅಡಾಪ್ಟರ್ ಹಾಕಿ ಆ ಹಳೆಯ ಮಾನಿಟರಿಗೆ ಜೋಡಿಸಿದವನು ನಾನೇ. ಮಾನಿಟರ್ ಕಪ್ಪಾದ ದಿನ ಅಮಾವಾಸ್ಯೆ. ತೂಕ ನೋಡುವವನನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವನು ಪೂಜೆಗೆಂದು ಕೇಬಲ್ ಬಿಚ್ಚಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಮಾನಿಟರಿಗೂ ಅಡಾಪ್ಟರಿಗೂ ಹಚ್ಚಿ ಮತ್ತೆ ಸಿಕ್ಕಿಸಿದ್ದ. ಕುಂಕುಮ ಅಡಾಪ್ಟರಿನ ತೂತುಗಳಿಗೆ ಇಳಿದಿತ್ತು.

ಮೆಕ್ಕೆಜೋಳದ ಟ್ರ್ಯಾಕ್ಟರ್ ತೂಕಕ್ಕೆ ನಿಂತಿತ್ತು. ಅದರ ರೈತ ಕೈಯಲ್ಲಿ ಕಬ್ಬಿಣದ ರಾಡ್ ಹಿಡಿದೇ ಒಳಗೆ ಬಂದ.

"ನನ್ನ ಪಾಳಿ ಬಂದಾಗ ಕತ್ತಲಾತೇನಲೇ?"

"ಸಿಟ್ಟಾಗಬ್ಯಾಡ್ರಿ ಕಾಕಾ, ವೈರ್ ಸಡ್ಲಾಗೇತಿ, ಒಂದ್ ನಿಮಿಷ ತಡೀರಿ," ಎಂದ ಅಣ್ಣ.

ರೈತ ಮಾನಿಟರಿನತ್ತ ಕೈ ಮಾಡಿದ. "ಇದಕ್ಕ ಕುಂಕುಮ, ನಮಗ ಮಂಕುಬೂದಿ?"

ನಾನು ಮೇಜಿನ ಕೆಳಗೆ ಬಾಗಿ ಅಡಾಪ್ಟರ್ ಕಿತ್ತು, ಅಂಗಿಯ ತುದಿಯಿಂದ ಒರೆಸಿ ಮತ್ತೆ ಒತ್ತಿ ಸಿಕ್ಕಿಸುತ್ತಿದ್ದೆ. ಮೇಲೆ ರಾಡ್ ಬೀಸಿದ ಸದ್ದಾಯಿತು. ಅಣ್ಣ ನನ್ನ ಬೆನ್ನ ಮೇಲೆ ಕುಸಿದ. ಅವನ ತಲೆಯ ಬಿಸಿ ರಕ್ತ ನನ್ನ ಕುತ್ತಿಗೆಗೆ ಹರಿಯಿತು. ಕತ್ತು ಹೊರಳಿಸಿದರೆ ರೈತ ಮತ್ತೆ ರಾಡ್ ಎತ್ತಿದ್ದ. ಅಷ್ಟರಲ್ಲಿ ಅಡಾಪ್ಟರ್ ಸರಿಯಾಗಿ ಕೂತು ಪರದೆ ಬೆಳಗಿತು. ಅದರಲ್ಲಿ ಅವನ ಜೋಳದ ತೂಕ ಸರಿಯಾಗಿಯೇ ಇತ್ತು.

"ಐತಲ್ಲೋ..." ಎಂದ ಅವನು. ರಾಡ್ ಕೈಯಿಂದ ಜಾರಿತು.

ಎಚ್ಚರವಿಲ್ಲದ ಅಣ್ಣನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸಾಗಿಸಿದೆವು. ಬದುಕುವುದು ಕಷ್ಟ ಎಂದರು ವೈದ್ಯರು. ನಾನು ಕಣ್ಣು ಮುಚ್ಚಿದರೆ ಸಾಕು, ಆ ರಾಡ್ ಮೇಲೇಳುತ್ತಿತ್ತು. ಒಂದು ನಿಮಿಷ ಮೊದಲೇ ಒರೆಸಿದ್ದರೆ ಎಂದು ದಿನವೂ ಲೆಕ್ಕ ಹಾಕುತ್ತಿದ್ದೆ. ಹನ್ನೊಂದನೆಯ ದಿನ, ಗುರುವಾರ, ಅವನು ಕಣ್ಣು ತೆರೆದು ತನ್ನ ಅವ್ವನನ್ನು ಗುರುತಿಸಿ, "ಹಸಿವಾಗೇತಿ," ಎಂದ.

ಅಂದು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.