ಒತ್ತಿ ನಿಂತ ಆರು ಕಲ್ಲುಗಳು

ಸಿಂಗಪುರದ ಕ್ರಾಂಜಿ ಯುದ್ಧಸ್ಮಾರಕದ ಹುಲ್ಲಿನ ಮೇಲೆ ಒಂದು ಬಿಳಿ ಸೇವಂತಿಗೆ ಹಿಡಿದು ನಿಂತಿದ್ದೆ. ನಮ್ಮ ಬೀದಿಯ ಡೊರತಿ ಟೀಚರ್ ತಮ್ಮ ಅಣ್ಣನ ಸಮಾಧಿಗೆ ಹೂವಿಟ್ಟು ಫೋಟೋ ತರಲು ಹೇಳಿದ್ದರು. ಎರಡನೇ ಮಹಾಯುದ್ಧದಲ್ಲಿ, ಜಪಾನೀಯರ ವಶದಲ್ಲಿದ್ದ ಮಲಯದ ಮೇಲೆ ಶತ್ರುಗಳು ಹೊಡೆದುರುಳಿಸಿದ ಬಾಂಬರ್‌ನಲ್ಲಿ ಆತ ಗನ್ನರ್. ಸಾಲಿನ ಸಂಖ್ಯೆ ಬರೆದುಕೊಂಡಿದ್ದೆ, ಹೆಸರು ಬರೆದುಕೊಂಡಿರಲಿಲ್ಲ. ಬೇರೆಯವರ ನೆನಪಿಗೆ ಸಾಕ್ಷ್ಯ ಕೇಳುವ ಇತಿಹಾಸದ ಮೇಷ್ಟ್ರು ನಾನು, ನನ್ನದನ್ನು ಸುಮ್ಮನೆ ನಂಬಿದ್ದೆ. ಈಗ ‘ವಿಲಿಯಂ’ ಅಷ್ಟೇ ಉಳಿದಿದೆ. ಕಲ್ಲುಗಳ ಮೇಲಿರುವುದು ಮೊದಲಕ್ಷರ ಮತ್ತು ಮನೆತನದ ಹೆಸರು; ಟೀಚರ್‌ಗೆ ಈಗಿರುವುದು ಗಂಡನ ಮನೆತನದ್ದು. ಸಾಲಿನಲ್ಲಿ ಒಂದೇ ದಿನ ಸತ್ತ ಆ ವಿಮಾನದ ಆರು ಜನರಲ್ಲಿ ಇಬ್ಬರು ‘ಡಬ್ಲ್ಯೂ’, ಇಬ್ಬರೂ ಗನ್ನರ್‌ಗಳು. ಫೋನ್ ಮಾಡೋಣವೆಂದರೆ ಟೀಚರ್‌ಗೆ ಕಿವಿ ಕೇಳಿಸದು.

“ಯಾವ್ದು ಅಂಕಲ್?” ಎಂದಳು ಜೊತೆಗೆ ಬಂದಿದ್ದ ಸ್ನೇಹಿತನ ಮಗಳು ಮೇಘನಾ. ಇಲ್ಲೇ ಬೆಳೆದವಳು, ಮಾತಿನ ಕೊನೆಗೆ ಇಲ್ಲಿಯವರಂತೆ ‘ಲಾ’ ಸೇರಿಸುವವಳು.

“ಮರೆತೆ.”

“ಸ್ಟೂಡೆಂಟ್ಸ್ ಮರೆತ್ರೆ ಫೇಲ್ ಮಾಡ್ತೀರಲ್ಲ?” ನಕ್ಕು, ಕಲ್ಲುಗಳನ್ನು ತೋರಿಸಿದಳು. “ಬೇರೆ ಕಲ್ಲುಗಳ ಮಧ್ಯೆ ಗ್ಯಾಪ್ ಇದೆ, ಈ ಆರಕ್ಕೆ ಇಲ್ಲ ನೋಡಿ. ಪ್ಲೇನ್ ಸುಟ್ಟುಹೋಗಿ ಯಾರ ಮೂಳೆ ಯಾರದು ಅಂತ ಐಡೆಂಟಿಫೈ ಮಾಡೋಕಾಗ್ದೆ ಇದ್ರೆ ಎಲ್ಲರನ್ನೂ ಒಟ್ಟಿಗೇ ಮಣ್ಣು ಮಾಡಿ, ಕಲ್ಲು ಹೀಗೆ ಒತ್ತಿ ನಿಲ್ಲಿಸ್ತಾರೆ. ಹೂ ಎಲ್ಲಿಟ್ರೂ ಅವ್ರಿಗೇ ಲಾ.”

ಹೂವನ್ನು ನಡುವೆ ಇಟ್ಟೆ. ಆರೂ ಹೆಸರುಗಳು ಫೋಟೋದಲ್ಲಿ ಓದುವಂತೆ ಬರುವವರೆಗೆ ಹಿಂದೆ ಸರಿದೆ. ಅಣ್ಣ ಯಾರೆಂದು ಟೀಚರೇ ಬೆರಳಿಟ್ಟು ತೋರಿಸಲಿ.